ಸಂಚಾಲಕರ ಸ್ಥಾನ ಖಾಲಿ ಇದೆ

"ಇನ್ನೊಂದು ವಿಷಯ," ಎಂದರು ಹೆಡ್ ಮಿಸ್, ಕೈಯಲ್ಲಿದ್ದ ಹಾಳೆ ಮಡಿಸುತ್ತಾ. "ನಮ್ಮ ಡ್ರೈವಿಂಗ್ ಮೇಷ್ಟ್ರು ಪೋಷಕರ ಸಮಿತಿಯ ಸಂಚಾಲಕರ ಕೆಲಸದಿಂದ ಹಿಂದೆ ಸರಿದಿದ್ದಾರೆ. ವೈಯಕ್ತಿಕ ಕಾರಣ ಅಂದ್ರು. ಅವರ ಜಾಗಕ್ಕೆ ಯಾರು ಬರ್ತೀರಿ?"

ಶಾಲೆಯ ಲೈಬ್ರರಿಯಲ್ಲಿ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ಒಮ್ಮೆಲೇ ನೆಲ ನೋಡಿದರು. ಕೆಲಸಕ್ಕೆ ಜನ ಬೇಕು ಎಂದಾಗ ನೆಲದಷ್ಟು ಚೆಂದದ ವಸ್ತು ಇನ್ನೊಂದಿರುವುದಿಲ್ಲ. ಚಿಕ್ಕಮ್ಮ ಒಬ್ಬಳು ಮಾತ್ರ ತಲೆಯೆತ್ತಿ ಎದುರು ಸಾಲನ್ನು ನೋಡಿದಳು.

ಅಲ್ಲಿ ಅವನು ಕೂತಿದ್ದ. ಊರಿಗೆಲ್ಲ ಅವನು ಡ್ರೈವಿಂಗ್ ಮೇಷ್ಟ್ರು, ಬಹುವಚನ. ಅವಳ ಮನಸ್ಸಿನೊಳಗೆ ಮಾತ್ರ ಎಂದೋ ಏಕವಚನಕ್ಕೆ ಇಳಿದುಬಿಟ್ಟಿದ್ದ. ಅವಳ ಕಣ್ಣಿಗೆ ಕಣ್ಣು ಸಿಕ್ಕಿದ ಕೂಡಲೇ ಅವನ ಕಿವಿ ಕೆಂಪಾಯಿತು. ತಟ್ಟನೆ ಗೋಡೆಯ ಭೂಪಟದ ಕಡೆ ತಿರುಗಿ ಯಾವುದೋ ಸಮುದ್ರ ಹುಡುಕತೊಡಗಿದ.

ಅವಳಿಗೆ ಒಂದು ಮಾತು ಹೇಳಿರಲಿಲ್ಲ. ನಿನ್ನೆ ಸಂಜೆ ಇಬ್ಬರೂ ಸೇರಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವಾಗಲೂ ಹೇಳಿರಲಿಲ್ಲ. ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು.

ಅವಳು ಈ ಶಾಲೆಯಲ್ಲಿ ಯಾರ ತಾಯಿಯೂ ಅಲ್ಲ. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ಭಾವನದ್ದೂ ಅಲ್ಲೇ ಪಾಳಿಯ ಕೆಲಸ. ಹೀಗಾಗಿ ಅವರ ಮಗನ ಓದು, ಆಟ, ಜ್ವರ, ಪೋಷಕರ ಸಭೆ ಎಲ್ಲವೂ ಮದುವೆಯಾಗದ ತಂಗಿಯ ಪಾಲಿಗೆ ಬಂದಿದ್ದವು. ಹುಡುಗ ಗೇಟಿನಲ್ಲಿ "ಚಿಕ್ಕಮ್ಮಾ" ಎಂದು ಕೂಗಿದ್ದನ್ನು ಕೇಳಿ ಅವನ ಗೆಳೆಯರು ಹಾಗೇ ಕರೆದರು, ಅವರನ್ನು ನೋಡಿ ಅವರ ಅಮ್ಮಂದಿರು, ಕೊನೆಗೆ ನಿವೃತ್ತಿಯ ಹೊಸ್ತಿಲಲ್ಲಿದ್ದ ಹೆಡ್ ಮಿಸ್ ಕೂಡ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ, ಮೂವತ್ತಾರು ತುಂಬಿದ ಹೆಂಗಸು ಹೀಗೆ ಇಡೀ ಶಾಲೆಗೆ ಚಿಕ್ಕಮ್ಮನಾಗಿ ಕೂತಳು.

ಅವನೊಬ್ಬ ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಏನೆಂದೂ ಕರೆಯುತ್ತಿರಲಿಲ್ಲ. "ಇಲ್ನೋಡಿ" ಎಂದು ಮಾತು ಶುರುಮಾಡುತ್ತಿದ್ದ. ಅದನ್ನು ಅವಳು ಬಹಳ ಹಿಂದೆಯೇ ಗಮನಿಸಿದ್ದಳು, ಗಮನಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡಿದ್ದಳು.

ಎರಡು ವರ್ಷದಿಂದ ಪೋಷಕರ ಸಮಿತಿಯ ಕಾರ್ಯಕ್ರಮಗಳಿಗೆ ಅವರಿಬ್ಬರೇ ಸಂಚಾಲಕರು. ಅವಳದ್ದು ಬಾಯಿ, ಅವನದ್ದು ಕೈ. ಅವಳು ಮೈಕ್ ಹಿಡಿದು ಜನರನ್ನು ಕೂರಿಸುವಷ್ಟರಲ್ಲಿ ಅವನು ಕುರ್ಚಿ ಹಾಕಿ, ವೈರ್ ಎಳೆದು, ಅವಳ ಕೈಗೆ ಬಿಸಿನೀರಿನ ಲೋಟ ಕೊಟ್ಟು ಕಂಬದ ಪಕ್ಕ ನಿಂತಿರುತ್ತಿದ್ದ. ಅವನ ಮದುವೆ ಮುರಿದು ಎಷ್ಟೋ ಕಾಲವಾಗಿತ್ತು. ಮಗಳನ್ನು ಒಬ್ಬನೇ ಸಾಕುತ್ತಿದ್ದ. ಡ್ರೈವಿಂಗ್ ಕಲಿಸುವವರ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಆ ಬ್ರೇಕಿನ ಮೇಲೆ ಕಾಲಿಟ್ಟೇ ಹುಟ್ಟಿದವನಂತೆ ಬದುಕುತ್ತಿದ್ದ.

ಒಮ್ಮೆ ಅವಳ ಅಂಗಡಿಗೆ ಕಣ್ಣು ತೋರಿಸಲು ಬಂದಿದ್ದ. ಗದ್ದವನ್ನು ಯಂತ್ರದ ಮೇಲಿಟ್ಟು ಕೂತಿದ್ದ ಅವನ ಕಣ್ಣಿಗೆ ಬೆಳಕು ಬಿಟ್ಟು, ಅವಳು ಒಂದು ಗೇಣು ದೂರದಿಂದ ನೋಡಿದಳು. ಕಂದು ಬಣ್ಣದ ಕಣ್ಣು. ಬಲಗಣ್ಣಿನ ಅಂಚಿನಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ. ದಿನಾ ಎಷ್ಟೋ ಜನರ ಕಣ್ಣು ನೋಡುವವಳಿಗೆ ಅಂದು ಏನು ನೋಡಬೇಕಿತ್ತು ಎಂಬುದೇ ಮರೆತುಹೋಯಿತು.

"ಇಲ್ನೋಡಿ," ಎಂದ ಅವನು, ಗದ್ದ ಅಲುಗಿಸದೆ.

"ಏನು, ಬೆಳಕು ಜಾಸ್ತಿ ಆಯ್ತಾ?"

"ಇಲ್ಲ. ನೀವು ಉಸಿರು ಬಿಡಿ. ಆಗಿನಿಂದ ಹಿಡ್ಕೊಂಡಿದ್ದೀರಿ."

ಅವಳು ಉಸಿರು ಬಿಟ್ಟಳು. ಅವನ ರೆಪ್ಪೆ ಒಮ್ಮೆ ಅಲುಗಿತು. ಅಷ್ಟೇ. ಅದಾದ ಮೇಲೆ ಅವನು ಕನ್ನಡಕದ ಫ್ರೇಮಿನ ಬಗ್ಗೆ ವಿಚಾರಿಸಿದ, ರಶೀದಿ ತೆಗೆದುಕೊಂಡು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಒಂದು ಮಾತು ಹೇಳ್ಬೇಕಿತ್ತು... ಇರ್ಲಿ, ಆಮೇಲೆ ಹೇಳ್ತೀನಿ," ಎಂದ. ಆ 'ಆಮೇಲೆ' ಇನ್ನೂ ಬಂದಿರಲಿಲ್ಲ.

ಈಗ ಅದಕ್ಕೆ ಸಮಯವೂ ಉಳಿದಿರಲಿಲ್ಲ. ಅವನ ಮಗಳು ಈ ಶಾಲೆಯ ಕೊನೆಯ ತರಗತಿಯಲ್ಲಿದ್ದಳು. ಈ ಶನಿವಾರ ಸೈಕಲ್ ಸುರಕ್ಷತೆ, ಅದರ ಮುಂದಿನ ವಾರ ಕುಟುಂಬದ ಓದಿನ ಸಂಜೆ, ತಿಂಗಳ ಕೊನೆಗೆ ದೊಡ್ಡ ಮಕ್ಕಳಿಗೆ ಬೀಳ್ಕೊಡುಗೆ. ಅಲ್ಲಿಗೆ ಮುಗಿಯಿತು. ಆಮೇಲೆ ಹುಡುಗಿ ಊರಿನ ಇನ್ನೊಂದು ತುದಿಯ ಹೈಸ್ಕೂಲಿಗೆ. ಅಪ್ಪನಿಗೆ ಈ ಗೇಟಿನೊಳಗೆ ಬರಲು ನೆಪವೇ ಇಲ್ಲ. ಈ ಮೂರು ಕಾರ್ಯಕ್ರಮಗಳಲ್ಲಾದರೂ ಬಾಯಿ ಬಿಡಬಹುದು ಎಂದು ಅವಳು ಆಸೆಯಿಂದ ಕಾಯುತ್ತಿದ್ದರೆ, ಆಸಾಮಿ ರಾಜೀನಾಮೆ ಕೊಟ್ಟು ಸಮುದ್ರ ನೋಡುತ್ತಾ ಕೂತಿದ್ದ.

"ನಾನ್ ಬರ್ತೀನಿ!" ಎಂದು ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಗುಡ್ ಮಾರ್ನಿಂಗ್ ಅಂಕಲ್. ದಿನಾ ಕೋಳಿ ಕೂಗುವ ಮೊದಲೇ ಪೋಷಕರ ಗ್ರೂಪಿಗೆ ಗುಲಾಬಿ ಹೂವಿನ ಚಿತ್ರ ಕಳಿಸುವ ಪುಣ್ಯಾತ್ಮ. ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಚಪ್ಪಾಳೆ ತಟ್ಟಿದಳು.

ಮನೆಗೆ ಬಂದವಳ ಮುಖ ನೋಡಿ, ಡ್ಯೂಟಿಗೆ ಹೊರಡುತ್ತಿದ್ದ ಅಕ್ಕ ಜಡೆ ಹೆಣೆದುಕೊಳ್ಳುವುದನ್ನು ನಿಲ್ಲಿಸಿದಳು.

"ಏನೇ ಇದು, ಹರಳೆಣ್ಣೆ ಕುಡಿದವಳ ಹಾಗೆ?"

"ಮೇಷ್ಟ್ರು ಸಮಿತಿ ಬಿಟ್ರಂತೆ. ನನ್ ಜೊತೆ ಕೆಲಸ ಮಾಡೋಕೆ ಕಷ್ಟ ಆಗಿರ್ಬೇಕು."

"ಏನೋ ಕಾರಣ ಇರುತ್ತೆ ಬಿಡೆ."

"ಏನ್ ಕಾರಣ? ನನ್ ಬಾಯಿ ಜೋರು, ಅದೇ ಕಾರಣ."

"ಅದಂತೂ ನಿಜ," ಎಂದು ಅಕ್ಕ ಬ್ಯಾಗ್ ಹೆಗಲಿಗೇರಿಸಿದಳು. ಹೋಗುವಾಗ ಯಾಕೋ ನಕ್ಕಳು. ಆ ನಗು ತಂಗಿಯ ಮೈಯೆಲ್ಲ ಉರಿಸಿತು.

ಆ ಉರಿಯಲ್ಲೇ ಅವಳು ಗ್ರೂಪಿಗೆ ಸಂದೇಶ ಹಾಕಿದಳು: "ಈ ಶನಿವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಮೈದಾನದಲ್ಲಿ ಸೈಕಲ್ ಸುರಕ್ಷತೆ. ಮಕ್ಕಳು ಸೈಕಲ್, ಹೆಲ್ಮೆಟ್ ತರಬೇಕು." ಎರಡು ನಿಮಿಷವಾಗಿರಲಿಲ್ಲ, ಉತ್ತರಗಳು ಬಂದವು. ಶನಿವಾರ ಏನಾದ್ರೂ ಇದೆಯಾ ಚಿಕ್ಕಮ್ಮ? ಎಷ್ಟು ಗಂಟೆಗೆ? ಸೈಕಲ್ ತರ್ಬೇಕಾ? ಗುಡ್ ಮಾರ್ನಿಂಗ್ ಅಂಕಲ್ ಸಂಜೆಯ ಗುಲಾಬಿ ಕಳಿಸಿದ್ದರು.

ಶನಿವಾರ ಅವನು ಬಂದಿದ್ದ. ಸಂಚಾಲಕನಾಗಿ ಅಲ್ಲ, ಮಕ್ಕಳಿಗೆ ರಸ್ತೆಯ ಪಾಠ ಹೇಳುವ ಮೇಷ್ಟ್ರಾಗಿ. ಕಿತ್ತಳೆ ಬಣ್ಣದ ಕೋನ್‌ಗಳನ್ನು ಸಾಲಾಗಿ ಇಡುತ್ತಿದ್ದವನ ಎದುರಿಗೆ ಹೋಗಿ ಅವಳು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಯಾಕ್ ಬಿಟ್ರಿ?"

ಅವನು ಕೋನ್ ಕೆಳಗಿಟ್ಟು ನೆಟ್ಟಗಾದ. ಬಿಸಿಲು ಅವನ ಮುಖದ ಮೇಲೆ ನೇರ ಬೀಳುತ್ತಿತ್ತು. ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಇಂದು ಒಂದಿಂಚು ಅಲುಗಲಿಲ್ಲ.

"ಇಲ್ನೋಡಿ, ಅದು... ನಾನೇ ಹೇಳ್ಬೇಕು ಅಂತಿದ್ದೆ..."

"ಚಿಕ್ಕಮ್ಮ, ಹೆಲ್ಮೆಟ್ ಕಂಪಲ್ಸರಿನಾ?" ಎಂದು ಒಬ್ಬ ತಾಯಿ ನಡುವೆ ಬಂದಳು.

"ಮೆಸೇಜಲ್ಲಿ ಇದೆ."

"ಯಾವ ಮೆಸೇಜು?"

ಹೆಲ್ಮೆಟ್ಟಿನ ತಾಯಿಯನ್ನು ಸಾಗಹಾಕಿ ತಿರುಗುವಷ್ಟರಲ್ಲಿ ಗುಡ್ ಮಾರ್ನಿಂಗ್ ಅಂಕಲ್ ಮೈಕಿನಲ್ಲಿ "ಹಲೋ, ಹಲೋ" ಎಂದು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದರು. ಅದನ್ನು ಸರಿಮಾಡಲು ಅವನು ಓಡಿದ. "ಆಮೇಲೆ ಹೇಳ್ತೀನಿ!" ಎಂದು ಓಡುತ್ತಲೇ ಕೂಗಿದ. ಅವಳಿಗೆ ಎದುರಿನ ಕೋನನ್ನು ಒದೆಯಬೇಕೆನಿಸಿತು. ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು ಒದ್ದೂಬಿಟ್ಟಳು.

ಓದಿನ ಸಂಜೆಗೆ ಅವನು ತಡವಾಗಿ ಬಂದು ಹಿಂದೆ ಕೂತ. ಅವಳು ಕಥೆ ಓದುತ್ತಿದ್ದಾಗ ಒಮ್ಮೆ ತಲೆಯೆತ್ತಿದರೆ ಅವನು ನೋಡುತ್ತಿದ್ದ, ಇನ್ನೊಮ್ಮೆ ಎತ್ತಿದರೂ ನೋಡುತ್ತಿದ್ದ. ಕೇಳುತ್ತಿದ್ದವರೆಲ್ಲ ಕಥೆಯ ಮೊಲದ ಪಾಡಿಗೆ ನಗುವಾಗ ಅವನೊಬ್ಬ ನಗದೆ, ಹೊಸ ಕನ್ನಡಕದ ಹಿಂದಿನಿಂದ ಅವಳ ಕೆನ್ನೆಯ ಮೇಲೆ ಬಿದ್ದ ಕೂದಲನ್ನು ನೋಡುತ್ತಿದ್ದ. ಅವಳು ಒಂದೇ ಸಾಲನ್ನು ಎರಡು ಸಲ ಓದಿದಳು. ಇಷ್ಟು ನೋಡುವವನಿಗೆ ಎರಡು ಮಾತಾಡಲು ಏನು ರೋಗ? ಕಥೆ ಮುಗಿದಾಗ ಅವನು ಎದ್ದು ಅವಳತ್ತ ಬಂದ. ಹೆಡ್ ಮಿಸ್ ಅವನನ್ನು ಅರ್ಧದಾರಿಯಲ್ಲೇ ಹಿಡಿದು ಏನೋ ಪಿಸುಗುಟ್ಟಿದರು. ಅವನು ತಲೆಯಾಡಿಸಿ ಹಾಗೇ ಹೊರಟುಹೋದ. ಆ ರಾತ್ರಿ ಅವಳು ಮುಸುಕು ಹಾಕಿಕೊಂಡು ಅತ್ತಳು. ಅವನು ಬೇಕಾಗಿದ್ದ, ಅಷ್ಟೇ. ಬೇಕು ಎನ್ನುವುದನ್ನು ಒಪ್ಪಿಕೊಂಡ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಬೀಳ್ಕೊಡುಗೆ ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು. ದೊಡ್ಡ ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾ ಮೈದಾನಕ್ಕೆ ಹೋದರು, ಅವರ ಹಿಂದೆ ಮನೆಯವರು, ಅವರ ಹಿಂದೆ ಫೋಟೋ ತೆಗೆಯುತ್ತಾ ಗುಡ್ ಮಾರ್ನಿಂಗ್ ಅಂಕಲ್. ಸಭಾಂಗಣದಲ್ಲಿ ಕುರ್ಚಿಗಳ ನಡುವೆ ಅವಳೊಬ್ಬಳೇ ಉಳಿದಳು. ಒಂದೊಂದನ್ನೂ ಶತ್ರುವಿನಂತೆ ಮಡಿಸಿ ಗೋಡೆಗೆ ಒರಗಿಸತೊಡಗಿದಳು.

ಆಚೆ ತುದಿಯಿಂದ ಇನ್ನೊಂದು ಕುರ್ಚಿ ಮಡಿಸುವ ಸದ್ದು ಕೇಳಿತು. ಅವನು.

"ನಿಮಗ್ಯಾಕೆ ಇದು? ನೀವು ಬಿಟ್ಟಿದ್ದೀರಲ್ಲ," ಎಂದಳು.

"ಇಲ್ನೋಡಿ..."

"ನೋಡಲ್ಲ. ಎರಡು ವರ್ಷದಿಂದ ನೋಡ್ತಾನೇ ಇದ್ದೀನಿ, ನಂಗೆ ಕಣ್ಣು ನೋವು ಬಂತು. ವೈಯಕ್ತಿಕ ಕಾರಣ ಏನು, ಈಗ ಹೇಳಿ."

"ನೀವೇ."

ಅವಳು ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಕುಕ್ಕಿದಳು. "ಗೊತ್ತಿತ್ತು ನಂಗೆ. ನನ್ ಬಾಯಿ ಜೋರು, ಎಲ್ಲದಕ್ಕೂ ಮುಂದೆ ಬೀಳ್ತೀನಿ, ಸಾಕಾಯ್ತು ನಿಮಗೆ. ಅದನ್ನ ಮುಖ ಕೊಟ್ಟು ಹೇಳೋಕೆ..."

"ಅಯ್ಯೋ, ಹಾಗಲ್ಲ! ನಮ್ ಸಮಿತೀದು ಒಂದು ನಿಯಮ ಇದೆಯಲ್ಲ. ಒಂದೇ ಮನೆಯವರು ಇಬ್ಬರೂ ಸಂಚಾಲಕರಾಗಿ ಇರೋ ಹಾಗಿಲ್ಲ ಅಂತ."

ಇತ್ತು. ಮಾಡಿಸಿದವಳೇ ಅವಳು. ಹಿಂದೊಮ್ಮೆ ಗಂಡ ಹೆಂಡತಿ ಇಬ್ಬರೂ ಸಂಚಾಲಕರಾಗಿ, ಶಾಲೆಯ ಕ್ರೀಡಾದಿನವನ್ನು ತಮ್ಮ ಮಗನ ಹುಟ್ಟುಹಬ್ಬ ಮಾಡಿಬಿಟ್ಟಿದ್ದರು. ಅಂದು ಸಭೆಯಲ್ಲಿ ಮೇಜು ಕುಟ್ಟಿ ಆ ನಿಯಮ ಬರೆಸಿದ್ದಳು.

"ನಾವೆಲ್ಲಿ ಒಂದೇ ಮನೆಯವರು?" ಎಂದು ಕೇಳಿದಳು.

ಅವನು ಮಡಿಸಿದ ಕುರ್ಚಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಕಿವಿಯಿಂದ ಶುರುವಾದ ಕೆಂಪು ಕುತ್ತಿಗೆಗೆ ಇಳಿಯುತ್ತಿತ್ತು. ಅವಳ ಸಿಟ್ಟು ಅದಾಗಲೇ ಬಹಳ ಮುಂದೆ ಓಡಿಯಾಗಿತ್ತು. ಅವನ ಮಾತು ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

"ಮದುವೆ ಆಗ್ತೀರಾ ಅಂತ ಕೇಳ್ಬೇಕಿತ್ತು," ಎಂದ ಕಡೆಗೆ. "ನಿಯಮ ಇಟ್ಕೊಂಡು ಕೇಳಿದ್ರೆ ತಪ್ಪಾಗುತ್ತಲ್ಲ. ಅದಕ್ಕೆ ಮೊದಲು ಹೆಡ್ ಮಿಸ್ ಹತ್ರ ಹೋಗಿ ಬಿಡ್ತೀನಿ ಅಂದೆ. ಹೊಸಬರು ಕೆಲಸ ಪೂರ್ತಿ ವಹಿಸ್ಕೊಳ್ಳೋವರೆಗೂ ನೀವು ಲೆಕ್ಕದಲ್ಲಿ ಇದ್ದೇ ಇದ್ದೀರಿ ಅಂದ್ರು. ಓದಿನ ಸಂಜೆ ಕೇಳೋಕೆ ಬಂದಾಗ್ಲೂ ಅದನ್ನೇ ಹೇಳಿ ತಡೆದ್ರು. ಇವತ್ತು ಬೆಳಿಗ್ಗೆ ಎಲ್ಲ ಒಪ್ಪಿಸಿ ಮುಗೀತು."

"ಹೆಡ್ ಮಿಸ್‌ಗೆ ಗೊತ್ತಾ ಇದು?"

"ಕಾರಣ ಹೇಳ್ಬೇಕಾಯ್ತು."

"ಮತ್ಯಾರಿಗೆ ಗೊತ್ತು?"

"ಮಗಳಿಗೆ. ಅವಳೇ ಬೈದಳು, ಬೇಗ ಕೇಳಪ್ಪ ಅಂತ. ಆಮೇಲೆ... ಮನೆ ಹಿರಿಯರನ್ನ ಮೊದಲು ಕೇಳೋದು ಒಳ್ಳೇದು ಅಂತ ಆಸ್ಪತ್ರೆಗೆ ಹೋಗಿ ನಿಮ್ಮಕ್ಕನ್ನೂ..."

"ಅಕ್ಕನಿಗೂ ಗೊತ್ತು!" ಅವಳ ದನಿ ಸಭಾಂಗಣದ ಚಾವಣಿಗೆ ಬಡಿಯಿತು. "ಊರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ! ಒಂದು ತಿಂಗಳು, ಮಾರಾಯರೇ, ಒಂದು ತಿಂಗಳು ಆ ಗುಲಾಬಿ ಹೂವಿನ ಮನುಷ್ಯನ ಜೊತೆ ಏಗಿದ್ದೀನಿ. ಅಲ್ಲ, ನಿಮ್ಮ ಮಗಳು ಇವತ್ತಿಗೆ ಈ ಶಾಲೆ ಬಿಟ್ಟಳು. ಇವತ್ತಿಗೆ ನೀವು ತಾನಾಗೇ ಸಮಿತಿಯಿಂದ ಹೊರಗೆ. ರಾಜೀನಾಮೆ ಕೊಡೋ ಅಗತ್ಯ ಏನಿತ್ತು?"

ಅವನು ಹುಬ್ಬು ಗಂಟಿಕ್ಕಿ, ಕುರ್ಚಿಯ ಬೆನ್ನಿನ ಮೇಲೆ ಬೆರಳಿನಿಂದ ಲೆಕ್ಕ ಹಾಕಿದ.

"ಅದು... ಹೊಳೀಲೇ ಇಲ್ಲ," ಎಂದ.

ನಗು ಅವಳ ಹೊಟ್ಟೆಯೊಳಗೆ ಎಲ್ಲೋ ಎದ್ದಿತು. ಅದನ್ನು ಅಲ್ಲೇ ಅದುಮಿಟ್ಟು ಮತ್ತೆ ಬೈದಳು. ಅವನ ನಿಧಾನಕ್ಕೆ, ಅವನ 'ಆಮೇಲೆ'ಗೆ, ಓದಿನ ಸಂಜೆಯಲ್ಲಿ ಕೂತು ನೋಡಿದ್ದಕ್ಕೆ, ನೋಡಿ ಸುಮ್ಮನೆ ಎದ್ದುಹೋದದ್ದಕ್ಕೆ, ಅಂದು ರಾತ್ರಿ ತಾನು ಅತ್ತದ್ದಕ್ಕೆ. ಆ ಕೊನೆಯದನ್ನು ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು. ಅವನು ಕುರ್ಚಿಯನ್ನು ಮೆಲ್ಲಗೆ ಕೆಳಗಿಟ್ಟು ಹತ್ತಿರ ಬಂದ. ಕಪ್ಪು ಚುಕ್ಕೆಯ ಆ ಕಣ್ಣು ತುಂಬಿತ್ತು.

"ಮತ್ತೆ... ಉತ್ತರ?" ಎಂದು ಕೇಳಿದ.

"ಇನ್ನೇನ್ರೀ ಉತ್ತರ! ಇಷ್ಟ್ ಹೊತ್ತು ಬೈದೆನಲ್ಲ. ಹೊರಗಿನವರನ್ನ ಯಾರಾದ್ರೂ ಹೀಗೆ ಬೈತಾರಾ?"

ಅದು ಅವನಿಗೆ ಇಳಿಯುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಇಳಿದಾಗ ಅವನು ಅವಳ ಕೈ ಹಿಡಿದುಕೊಂಡ, ಯಾರ ಅನುಮತಿಯನ್ನೂ ಕೇಳಲಿಲ್ಲ.

"ಹಾಗಾದ್ರೆ ಇನ್ನೂ ಸ್ವಲ್ಪ ಬೈರಿ," ಎಂದ.

ಅವಳು ಬೈಯಲೆಂದೇ ಬಾಯಿ ತೆರೆದಳು. ಆ ತಿಂಗಳಲ್ಲಿ ಮೊದಲ ಸಲ ಅವಳಿಗೆ ಬೈಯಲು ಏನೂ ಸಿಗಲಿಲ್ಲ.