ಉಪ್ಪಿಲ್ಲದ ಚಮಚ

ಶೆಫ್ ಸೊಲೆನ್ ಮತ್ತೆ ತನ್ನನ್ನೇ ನೋಡುತ್ತಿದ್ದಾಳೆ ಎಂದು ತಿಬೋಗೆ ತಲೆಯೆತ್ತದೆಯೇ ಗೊತ್ತಾಯಿತು. ಅವನು ಸೌಟಿನಿಂದ ಸಾಸ್ ಕಲಕುತ್ತಲೇ ಇದ್ದ.

ಲಿಯೋನ್ ಪಟ್ಟಣದಲ್ಲಿ ಅವಳ ಹೆಸರೆತ್ತಿದರೆ ಹಳೆಯ ಅಡುಗೆಯವರೂ ತಲೆಬಾಗುತ್ತಿದ್ದರು. ಅವಳ ರೆಸ್ಟೋರೆಂಟಿನಲ್ಲಿ ಒಂದು ಮೇಜು ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿ ಸಾಸ್ ಮಾಡುವುದು ತಿಬೋನ ಕೆಲಸ. ಅವಳು ಚಮಚದಲ್ಲಿ ರುಚಿ ನೋಡದೆ ಯಾವ ಸಾಸೂ ತಟ್ಟೆ ಮುಟ್ಟುವಂತಿಲ್ಲ. ಅವಳು ಏನೇ ಹೇಳಲಿ, ಆ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಉತ್ತರ: "ಹೌದು, ಶೆಫ್."

ಚಳಿಗಾಲದ ಜ್ವರದಿಂದ ಎದ್ದು ಬಂದಮೇಲೆ ಅವಳು ಹೊಸ ವರಸೆ ಶುರುಮಾಡಿದ್ದಳು. "ಮೊದಲು ನೀನು ನೋಡು," ಎನ್ನುವಳು. ಅವನು ರುಚಿ ನೋಡುವಾಗ ಅವಳ ಕಂದು ಕಣ್ಣುಗಳು ಅವನ ತುಟಿ, ಹುಬ್ಬು, ಕೆನ್ನೆ ಯಾವುದನ್ನೂ ಬಿಡದೆ ತಡಕಾಡುತ್ತಿದ್ದವು. ಅವನಿಗೆ ಕಿವಿಯೆಲ್ಲ ಬಿಸಿಯಾಗುತ್ತಿತ್ತು.

"ಹುರಿದು ತಿನ್ನೋ ಹಾಗೆ ನೋಡ್ತಾರಲ್ಲೋ ನಿನ್ನ!" ಮೀನಿನ ಒಲೆ ನೋಡಿಕೊಳ್ಳುವ ಮಾರಿಯುಸ್ ಕಿಚಾಯಿಸಿದ. "ಪ್ರೀತಿನೋ, ಇಲ್ಲಾ ಕೆಲಸದಿಂದ ಕಿತ್ತುಹಾಕೋಕೆ ನೆಪ ಹುಡುಕ್ತಿದ್ದಾರೋ?"

ಎರಡನೆಯದೇ ಇರಬೇಕು ಅಂದುಕೊಂಡ ತಿಬೋ. ಮೊದಲನೆಯದನ್ನು ನಂಬುವ ಧೈರ್ಯ ಅವನಿಗಿರಲಿಲ್ಲ, ಆಸೆ ಮಾತ್ರ ಬೇಕಾದಷ್ಟಿತ್ತು.

ಆದರೆ ಹೋದ ವಾರ ಅವನು ರಜೆ ಹಾಕಿದ ದಿನವೇ ಉಪ್ಪು ಹೆಚ್ಚಾಗಿ ತಟ್ಟೆಗಳು ವಾಪಸ್ ಬಂದಿದ್ದವು. ಸೊಲೆನ್ ರುಚಿ ನೋಡಿ ಒಪ್ಪಿದ್ದ ಸಾಸ್! ಅಂದಿನಿಂದ ತಿಬೋನ ತಲೆಯಲ್ಲಿ ಬೇರೆಯೇ ಅನುಮಾನದ ಹುಳ ಹೊಕ್ಕಿತು.

ಮಧ್ಯಾಹ್ನ ಉಳಿದವರೆಲ್ಲ ಸಿಗರೇಟಿಗೆಂದು ಹಿತ್ತಲಿಗೆ ಹೋದಾಗ ಅವನು ಬೆಣ್ಣೆ ಸಾಸನ್ನು ಉಪ್ಪು ಹಾಕದೆ ತಂದ. ತಾನೇ ಮೊದಲು ಬಾಯಿಗಿಟ್ಟು, ಚಪ್ಪರಿಸಿ, ತೃಪ್ತಿಯ ಮುಖ ಮಾಡಿದ. ಅವಳೂ ಒಂದು ಚಮಚ ಸವಿದಳು.

"ಚೆನ್ನಾಗಿದೆ. ಉಪ್ಪು ಹದವಾಗಿದೆ."

"ಇದಕ್ಕೆ ಉಪ್ಪೇ ಹಾಕಿಲ್ಲ, ಶೆಫ್."

ಅವಳ ಮುಖ ಬಿಳಿಚಿಕೊಂಡಿತು. ಹೋಗಿ ಬಾಗಿಲು ಹಾಕಿ ಬಂದಳು. "ಯಾರು ಹೇಳಿಕೊಟ್ರು ನಿಂಗೆ? ಪತ್ರಿಕೆಯವ್ರಾ? ಎದುರು ಬೀದಿ ಹೋಟೆಲಿನವ್ರಾ?"

"ಯಾರೂ ಇಲ್ಲ, ಶೆಫ್. ನನ್ನನ್ನ ತೆಗೆದುಹಾಕ್ತೀರೇನೋ ಅಂತ ಹೆದರಿಕೆ. ನೀವು ಹಾಗೆ ನೋಡ್ತಿದ್ರಿ."

"ಜ್ವರ ನನ್ನ ನಾಲಿಗೇನೇ ಕಿತ್ಕೊಂಡು ಹೋಯ್ತು, ತಿಬೋ. ಮಣ್ಣೂ ಒಂದೇ, ಬೆಣ್ಣೆನೂ ಒಂದೇ. ನಿನ್ನ ಮುಖ ನೋಡಿ ಹದ ಹೇಳ್ತಿದ್ದೆ." ಅವಳ ದನಿ ಒಡೆಯಿತು. "ಮುಖದಲ್ಲಿ ಸುಳ್ಳು ಹೇಳೋಕೆ ಬರದವನು ನೀನೊಬ್ನೇ ಅಂದ್ಕೊಂಡಿದ್ದೆ. ಇವತ್ತು ಅದೂ ಹೋಯ್ತು."

ಆ ಮಾತು ಅವನ ಎದೆಗೇ ನಾಟಿತು. ಉಪ್ಪು ಹಾಕಿದ, ಕಲಕಿದ, ಮತ್ತೊಂದು ಚಮಚ ಬಾಯಿಗಿಟ್ಟ. ಈ ಸಲ ಮುಖದಲ್ಲಿ ಏನನ್ನೂ ಮುಚ್ಚಿಡಲಿಲ್ಲ.

ಅವಳು ಹತ್ತಿರ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಈಗ ಹದವಾಗಿದೆ." ಅವಳ ಕಣ್ಣುಗಳು ಕಿರಿದಾದವು. "ಆದ್ರೆ ಇನ್ನೇನೋ ಇದೆ. ಅದು ಸಾಸಿಂದಲ್ಲ. ನನ್ನ ಮೇಲೆ... ಪ್ರೀತಿನಾ?"

"ಹೌದು, ಶೆಫ್."

"ನೋಡು, ನೀನು ಅಭ್ಯಾಸಬಲದಿಂದ ಹೇಳಿಬಿಟ್ಟೆ."

"ಇಲ್ಲ, ಸೊಲೆನ್."

ಆ ಅಡುಗೆಮನೆಯಲ್ಲಿ ಅವಳಿಗೆ 'ಇಲ್ಲ' ಎಂದವನು ಅವನೇ ಮೊದಲಿಗ. ಸೊಲೆನ್ ಅವನ ಏಪ್ರನ್ ಹಿಡಿದು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ಹೋಗಿ ಬಾಗಿಲು ತೆರೆದು, ಹಿತ್ತಲಿನಲ್ಲಿದ್ದವರನ್ನೆಲ್ಲ ಒಳಗೆ ಕರೆದಳು.

"ನನಗೆ ರುಚಿ ಗೊತ್ತಾಗ್ತಿಲ್ಲ," ಎಂದಳು ಎಲ್ಲರೆದುರು. "ಇವತ್ತಿಂದ ಚಮಚ ತಿಬೋ ಕೈಲಿ."

ಎಲ್ಲರಿಗಿಂತ ಮೊದಲು ಉತ್ತರಿಸಿದವನು ಮಾರಿಯುಸ್.

"ಹೌದು, ಶೆಫ್."