ಅಜ್ಜಿಯ ಮೂರು ಟ್ರಿಪ್

"ಅಜ್ಜಿ, ಇಲ್ಲೇ ನಿಲ್ಸು. ನಾನಿಲ್ಲೇ ಇಳ್ಕೋತೀನಿ."

ಯಶಸ್ವಿನಿ ಸೀಟಿನಲ್ಲಿ ಕೆಳಕ್ಕೆ ಜಾರಿ ಜಾರಿ, ಹೊರಗಿನವರಿಗೆ ಅವಳ ಜಡೆಯ ಕೆಂಪು ರಿಬ್ಬನ್ ಮಾತ್ರ ಕಾಣುವಷ್ಟಾಗಿದ್ದಳು. ಸ್ಕೂಲ್ ಗೇಟು ಇನ್ನೂ ದೂರವಿತ್ತು. ಹಿಂದೆ ಸಿಟಿ ಬಸ್ಸೊಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಅದರ ಹಿಂದೆ ಎರಡು ಆಟೋ. ಅಜ್ಜಿ ಮಾತ್ರ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಪಾಡಿಗೆ ತಾನು ಕಾರು ಓಡಿಸುತ್ತಿದ್ದಳು.

"ಅಷ್ಟು ಅರ್ಜೆಂಟಿದ್ರೆ ಅವ್ರು ಇನ್ನೂ ಬೇಗ ಹೊರಡಬೇಕಿತ್ತು," ಎಂದಳು ಅಜ್ಜಿ.

ಅದು ಪುಟ್ಟ ಎಲೆಕ್ಟ್ರಿಕ್ ಕಾರು. ಎರಡೇ ಬಾಗಿಲು. ಮುಂದೆ ಮೂಗಿಲ್ಲ, ಹಿಂದೆ ಬಾಲವಿಲ್ಲ. ಹಸಿರು ನಂಬರ್ ಪ್ಲೇಟು. ಹಾಸನದ ಯಾವ ಬೀದಿಯಲ್ಲಿ ನಿಲ್ಲಿಸಿದರೂ ಯಾರಾದರೂ ಒಬ್ಬರು ಬಗ್ಗಿ ಒಳಗೆ ಇಣುಕದೆ ಮುಂದೆ ಹೋಗುತ್ತಿರಲಿಲ್ಲ. ಅವರು ಇಣುಕಿದಾಗೆಲ್ಲ ಯಶಸ್ವಿನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಅಜ್ಜಿಯ ಹೆಸರು ಗಂಗಾಂಬಿಕೆ. ಹೊಳೆನರಸೀಪುರದ ಸ್ಕೂಲೊಂದರಲ್ಲಿ ಟೀಚರ್ ಆಗಿದ್ದಳು. ಕೆಲಸದಲ್ಲಿದ್ದಷ್ಟು ಕಾಲವೂ ಹಾಸನದಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದವಳು. ಒಂದು ಸಲ, ತಾತ ಇದ್ದಾಗ, ಅವರ ಹಳೇ ಕಾರಿನಲ್ಲಿ ಡ್ರೈವಿಂಗ್ ಕಲಿಯಲು ಹೋಗಿದ್ದಳಂತೆ. ಕ್ಲಚ್ ಒತ್ತುವಲ್ಲಿ ಗೇರ್ ಮರೆತು, ಗೇರ್ ಹಾಕುವಲ್ಲಿ ಬ್ರೇಕ್ ಮರೆತು, ಕಾರು ಪಕ್ಕದ ಮನೆಯ ಹೂವಿನ ಕುಂಡಗಳ ಮೇಲೆ ಹತ್ತಿತ್ತು. ಅಲ್ಲಿಗೆ ಆ ಆಸೆ ಮುಗಿಯಿತೆಂದು ಎಲ್ಲರೂ ತಿಳಿದಿದ್ದರು.

ಮುಗಿದಿರಲಿಲ್ಲ. ರಿಟೈರ್ ಆದ ಮೇಲೆ ಅಜ್ಜಿ ಈ ಕಾರನ್ನು ಹುಡುಕಿಕೊಂಡಳು. ಇದರಲ್ಲಿ ಕ್ಲಚ್ ಇಲ್ಲ, ಗೇರ್ ಬದಲಾಯಿಸುವ ಗೋಜಿಲ್ಲ. ಒಂದು ಒತ್ತಿದರೆ ಹೋಗುತ್ತೆ, ಇನ್ನೊಂದು ಒತ್ತಿದರೆ ನಿಲ್ಲುತ್ತೆ. ಯಶಸ್ವಿನಿಯ ಅಪ್ಪ ಬಸವೇಶ ಬೇಡವೆಂದು ಎಷ್ಟೋ ಹೇಳಿದರು. ಈ ವಯಸ್ಸಿನಲ್ಲಿ ಯಾಕಮ್ಮ, ಆಟೋದಲ್ಲಿ ಓಡಾಡು ಅಂದರು. ಅಜ್ಜಿ ಕೇಳಲಿಲ್ಲ. ಲೈಸೆನ್ಸ್ ಟೆಸ್ಟ್ ಪಾಸ್ ಮಾಡಿ, ಬೀದಿಗೆಲ್ಲ ಪೇಡಾ ಹಂಚಿದಳು. ದಿನಾ ರಾತ್ರಿ ಊಟವಾದ ಮೇಲೆ ಫೋನ್ ಚಾರ್ಜಿಗೆ ಹಾಕುವ ಹಾಗೆ ಕಾರನ್ನೂ ಚಾರ್ಜಿಗೆ ಹಾಕಿ ಮಲಗುವುದು ಅವಳ ಅಭ್ಯಾಸವಾಯಿತು.

ಸ್ಕೂಲಿಗೆ ಬಿಡುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಯಶಸ್ವಿನಿಯ ಕಷ್ಟ ಶುರುವಾದದ್ದು ಅಲ್ಲಿಂದ.

ಆರನೇ ಕ್ಲಾಸಿನ ದೀಪಶ್ರೀ ಖೋ ಖೋ ಟೀಮಿನ ಕ್ಯಾಪ್ಟನ್. ಅವರ ಮನೆಯಲ್ಲಿ ಮೆಟ್ಟಿಲು ಹತ್ತಿ ಕೂರುವಷ್ಟು ಎತ್ತರದ ಕಪ್ಪು ಕಾರಿದೆ. ಅವಳು ಮೊದಲ ದಿನವೇ ಅಜ್ಜಿಯ ಕಾರಿಗೆ 'ಟಿಫನ್ ಬಾಕ್ಸ್' ಅಂತ ಹೆಸರಿಟ್ಟಳು. ಇಡೀ ಟೀಮು ನಕ್ಕಿತು. ಯಶಸ್ವಿನಿಯೂ ನಕ್ಕಳು, ನಗದಿದ್ದರೆ ಇನ್ನೂ ಕೆಟ್ಟದಾಗಿರುತ್ತೆ ಅಂತ. ಮನೆಗೆ ಬಂದ ಮೇಲೆ ಅಜ್ಜಿಯ ಮುಖ ನೋಡದೆ ಒಳಗೆ ಹೋದಳು.

ಆಗಸ್ಟ್ ತಿಂಗಳಲ್ಲಿ ಅವರ ಸ್ಕೂಲು ತಾಲ್ಲೂಕಿನಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಯಿತು. ಮೊದಲ ಮ್ಯಾಚು ಅರಕಲಗೂಡಿನ ಟೀಮಿನ ಮೇಲೆ. ಐದನೇ ಕ್ಲಾಸಿನಿಂದ ಆಯ್ಕೆಯಾದವಳು ಯಶಸ್ವಿನಿ ಒಬ್ಬಳೇ. ಮ್ಯಾಚ್ ನೋಡಲು ತಾನೂ ಬರುವುದಾಗಿ ಅಜ್ಜಿ ಹೇಳಿದಾಗ, ಸ್ಕೂಲ್ ವ್ಯಾನ್ ಇದೆ, ಮನೆಯವರು ಯಾರೂ ಬರೋ ಹಾಗಿಲ್ಲ ಎಂದು ಯಶಸ್ವಿನಿ ಸುಳ್ಳು ಹೇಳಿದಳು. ಅಜ್ಜಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು ಬಿಡು," ಎಂದು ಒಳಗೆ ಹೋದಳು.

ಮ್ಯಾಚಿನ ದಿನ ಬೆಳಿಗ್ಗೆ ವ್ಯಾನ್ ಸ್ಕೂಲಿನಿಂದ ಹಾಡು, ಚಪ್ಪಾಳೆ ಸಮೇತ ಹೊರಟಿತು. ಸಂತೆಪೇಟೆ ದಾಟುವ ಮೊದಲೇ ನಿಂತಿತು.

ಮುಂದೆ ಆಲೂಗಡ್ಡೆ ಲಾರಿಯೊಂದರ ಆ್ಯಕ್ಸಲ್ ಮುರಿದು, ಲಾರಿ ರಸ್ತೆಗೆ ಅಡ್ಡಲಾಗಿ ವಾಲಿಕೊಂಡಿತ್ತು. ಮೂಟೆಗಳು ಒಡೆದು ಆಲೂಗಡ್ಡೆ ರಸ್ತೆ ತುಂಬ ಉರುಳಾಡುತ್ತಿದ್ದವು. ಬಸ್ಸು, ಆಟೋ, ಕಾರು, ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ವ್ಯಾನು ಹಿಂದಕ್ಕೂ ಹೋಗುವಂತಿರಲಿಲ್ಲ.

ಪಿ.ಟಿ. ಸರ್ ಶಶಿಕಿರಣ್ ಇಳಿದು ನೋಡಿ ಬಂದರು. ಅವರ ಮುಖ ಬಾಡಿತ್ತು. ಸ್ಕೂಲಿನ ಹೆಸರು ಕೂಗಿದಾಗ ಒಂಬತ್ತು ಜನ ಗ್ರೌಂಡಿನಲ್ಲಿ ಇಲ್ಲದಿದ್ದರೆ ಅರಕಲಗೂಡಿನವರು ಆಡದೆಯೇ ಗೆದ್ದ ಹಾಗೆ ಎಂದರು. ಓಡಿಕೊಂಡು ಹೋಗೋಣ ಸರ್ ಎಂದಳು ದೀಪಶ್ರೀ. ಅಷ್ಟು ದೂರ ಓಡಿದರೆ ಆಮೇಲೆ ಆಡಲು ಕಾಲು ಎಲ್ಲಿರುತ್ತೆ ಎಂದರು ಸರ್. ಸಂದಿಯಲ್ಲಿ ನುಸುಳುತ್ತಿದ್ದ ಸ್ಕೂಟರಿನವರೊಬ್ಬರನ್ನು ನಿಲ್ಲಿಸಿ, ತಾನು ಮುಂದೆ ಹೋಗಿ ಅಂಪೈರ್ ಹತ್ತಿರ ಮಾತಾಡುವುದಾಗಿ ಹೇಳಿ ಹಿಂದೆ ಹತ್ತಿದರು. ಹುಡುಗಿಯರ ಜೊತೆ ರೂಪಶ್ರೀ ಮಿಸ್ ಉಳಿದರು.

ಟೀಮಿನ ಅನುಶ್ರೀ ಅಳಲು ಶುರು ಮಾಡಿದ್ದಳು.

ಯಶಸ್ವಿನಿ ಕಿಟಕಿಯಿಂದ ಹೊರಗೆ ನೋಡಿದಳು. ವ್ಯಾನಿನ ಪಕ್ಕದಲ್ಲೇ ಒಂದು ಗಲ್ಲಿ. ಆ ಗಲ್ಲಿ ಅವಳಿಗೆ ಗೊತ್ತಿತ್ತು. ಅಜ್ಜಿ ತರಕಾರಿ ತರಲು ಅವಳ ಕೈ ಹಿಡಿದು ನಡೆಸಿಕೊಂಡು ಹೋಗುತ್ತಿದ್ದದ್ದು ಅದರಲ್ಲೇ. ಒಂದು ತುದಿ ಸಂತೆಪೇಟೆಯಲ್ಲಿ, ಇನ್ನೊಂದು ತುದಿ ಹಿಂದಿನ ರಸ್ತೆಗೆ. ಅಲ್ಲಿಂದ ಸ್ಟೇಡಿಯಂ ಹತ್ತಿರ. ದೊಡ್ಡ ಕಾರು ಆ ಗಲ್ಲಿಯಲ್ಲಿ ಹಿಡಿಸಲ್ಲ. ಆದರೆ...

ಅವಳ ಕಿವಿ ಬಿಸಿಯಾಯಿತು. ದೀಪಶ್ರೀ ಎದುರಿಗೇ ಕೂತಿದ್ದಳು.

"ಮಿಸ್, ನಿಮ್ಮ ಫೋನ್ ಕೊಡ್ತೀರಾ? ನಮ್ಮಜ್ಜಿ ಕರ್ಕೊಂಡು ಹೋಗ್ತಾರೆ," ಎಂದಳು.

ಫೋನಿನಲ್ಲಿ ಅಜ್ಜಿ ಎಲ್ಲ ಕೇಳಿಸಿಕೊಂಡಳು. ಬರಬಾರದು ಅಂದಿದ್ದೆಯಲ್ಲ ಎಂದು ಕೇಳಲಿಲ್ಲ. ರಾತ್ರಿ ಕರೆಂಟ್ ಇರಲಿಲ್ಲ, ಚಾರ್ಜ್ ತುಂಬ ಕಮ್ಮಿ ಇದೆ ಎಂದಳು. "ಇರ್ಲಿ. ಬತ್ತೀನಿ," ಎಂದಳು.

ಅಜ್ಜಿ ಬಂದಳು. ಸದ್ದಿಲ್ಲದೆ ಬಂದಳು. ಗಲ್ಲಿಯ ಬಾಯಲ್ಲಿ ಆ ಪುಟ್ಟ ಕಾರಿನ ಮುಖ ಕಂಡಾಗ ವ್ಯಾನಿನ ಡ್ರೈವರ್ ಬೀಡಿಯನ್ನು ಬಾಯಿಂದ ತೆಗೆದು ನೋಡಿದ. ನಾಲ್ಕೇ ಸೀಟು. ಒಂದರಲ್ಲಿ ಅಜ್ಜಿ, ಉಳಿದದ್ದು ಮೂರು. ಆಡುವ ಒಂಬತ್ತು ಜನರಿಗೆ ಮೂರು ಟ್ರಿಪ್ ಆಗಬೇಕು, ಎಕ್ಸ್‌ಟ್ರಾ ಹುಡುಗಿಯರು ಮಿಸ್ ಜೊತೆ ವ್ಯಾನಿನಲ್ಲೇ ಇರಬೇಕು. ರೂಪಶ್ರೀ ಮಿಸ್ ಅನುಮಾನದಿಂದಲೇ ತಲೆಯಾಡಿಸಿದರು. ಟಾಸ್ ಹಾಕಬೇಕಲ್ಲ, ಕ್ಯಾಪ್ಟನ್ ಮೊದಲು ಹೋಗಲಿ ಎಂದರು.

ದೀಪಶ್ರೀ ಯಶಸ್ವಿನಿಯ ಮುಖ ನೋಡದೆ ಕಾರು ಹತ್ತಿದಳು. ಅಜ್ಜಿ ಎಲ್ಲರಿಗೂ ಬೆಲ್ಟ್ ಹಾಕಿಸಿದಳು. ಕಾರು ತಿರುಗಿಸುವಷ್ಟು ಜಾಗ ಇಲ್ಲ ಎಂದು ಎಲ್ಲರಿಗೂ ಅನಿಸುತ್ತಿರುವಾಗಲೇ ಅಜ್ಜಿ ಅದನ್ನು ತಿರುಗಿಸಿಯಾಗಿತ್ತು. ನಿಂತಿದ್ದ ಆಟೋದವರು ಶಿಳ್ಳೆ ಹಾಕಿದರು.

ಎರಡನೇ ಟ್ರಿಪ್ಪಿಗೆ ಬಂದಾಗ ಅಜ್ಜಿಯ ಹಣೆಯಲ್ಲಿ ಬೆವರಿತ್ತು. ಅನುಶ್ರೀಯನ್ನೂ ಇನ್ನಿಬ್ಬರನ್ನೂ ಹತ್ತಿಸಿಕೊಂಡು ಹೋದಳು. ಆಮೇಲೆ ಬಹಳ ಹೊತ್ತು ಬರಲೇ ಇಲ್ಲ.

ಯಶಸ್ವಿನಿ ಗಲ್ಲಿಯ ಬಾಯಲ್ಲಿ ನಿಂತು ಕಾದಳು. ಚಾರ್ಜ್ ಮುಗಿದು ಕಾರು ಎಲ್ಲೋ ನಿಂತುಬಿಟ್ಟಿದೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ಅಜ್ಜಿ ಒಬ್ಬಳೇ ಅದರ ಪಕ್ಕ ನಿಂತಿರುವುದು, ಜನ ಸುತ್ತ ನೆರೆದು ನಗುವುದು ಕಣ್ಣಿಗೆ ಕಟ್ಟಿದ ಹಾಗಾಯಿತು. ಈಗ ಅವಳಿಗೆ ನಾಚಿಕೆಯಾಗಲಿಲ್ಲ. ಆ ಜನರ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ಕಾರು ಬಂತು. ದಾರಿಯಲ್ಲಿ ಒಂದು ಹಸು ಅಡ್ಡ ಮಲಗಿತ್ತಂತೆ. ಕಾರಿಗೆ ಸದ್ದೇ ಇಲ್ಲವಾದ್ದರಿಂದ ಅದು ತಿರುಗಿಯೂ ನೋಡಲಿಲ್ಲವಂತೆ. ಕೊನೆಗೆ ಅಜ್ಜಿಯೇ ಇಳಿದು, ಬೆನ್ನು ತಟ್ಟಿ ಎಬ್ಬಿಸಿ ಬರಬೇಕಾಯಿತಂತೆ.

ಯಶಸ್ವಿನಿ ಮುಂದೆ ಕೂತಳು. ಅವಳ ಕಣ್ಣು ಮೊದಲು ಚಾರ್ಜ್ ತೋರಿಸುವ ಜಾಗಕ್ಕೇ ಹೋಯಿತು. ಅಷ್ಟೆಲ್ಲ ಓಡಾಡಿದರೂ ಅದು ಇಳಿದದ್ದು ಚೂರೇ ಚೂರು.

"ಊರೊಳಗೆ ಓಡಾಡೋಕೆ ಇದಕ್ಕೆ ಎಷ್ಟು ಬೇಕು ಹೇಳು," ಎಂದಳು ಅಜ್ಜಿ. "ಚಾರ್ಜ್ ಚಿಂತೆ ನಂಗಿಲ್ಲ. ಗೋಡೆ ಚಿಂತೆ."

ಗೋಡೆಗಳು ನಿಜಕ್ಕೂ ಹತ್ತಿರವಿದ್ದವು. ಗಲ್ಲಿಯ ಮಧ್ಯೆ ಬೈರಯ್ಯನ ತರಕಾರಿ ಗಾಡಿ ನಿಂತಿತ್ತು. ಅಜ್ಜಿ ಖಾಯಂ ತರಕಾರಿ ಕೊಳ್ಳುವುದು ಅವನ ಹತ್ತಿರವೇ. ಅವನು ಗಾಡಿಯನ್ನು ಮನೆಯೊಂದರ ಜಗಲಿಗೆ ಒತ್ತಿ ಹಿಡಿದು, ತಾನೂ ಪಕ್ಕಕ್ಕೆ ಸರಿದ.

"ಬನ್ನಿ ತಾಯಿ, ಈ ಕಡೆ ಇನ್ನೂ ಒಂದು ಗೇಣು ಐತೆ," ಎಂದ.

ಅಜ್ಜಿ ಯಶಸ್ವಿನಿಗೆ ಕನ್ನಡಿ ಮಡಚಲು ಹೇಳಿದಳು. ಯಶಸ್ವಿನಿ ಗಾಜು ಇಳಿಸಿ, ಕೈ ಚಾಚಿ ಕನ್ನಡಿಯನ್ನು ಒಳಕ್ಕೆ ಮಡಚಿದಳು. ಈ ಕಡೆ ಸುಣ್ಣದ ಗೋಡೆ, ಆ ಕಡೆ ಕೊತ್ತಂಬರಿ ಸೊಪ್ಪಿನ ಕಟ್ಟು. ಕಾರು ಇಂಚಿಂಚು ಸರಿಯಿತು. ಹಿಂದಿದ್ದ ಇಬ್ಬರು ಉಸಿರು ಬಿಗಿಹಿಡಿದಿದ್ದರು. ಅಜ್ಜಿ ಮಾತ್ರ ಮುಂದೆ ನೋಡುತ್ತಾ, ಕ್ಲಾಸಿನಲ್ಲಿ ಬೋರ್ಡಿನ ಮೇಲೆ ನೆಟ್ಟಗೆ ಗೆರೆ ಎಳೆಯುವವಳ ಹಾಗೆ ಕಾರನ್ನು ನಡೆಸಿದಳು. ಎಲ್ಲೂ ಒಂದು ಗೀರು ಬೀಳಲಿಲ್ಲ. ಗಲ್ಲಿ ದಾಟಿ ಹಿಂದಿನ ರಸ್ತೆಗೆ ಬಂದದ್ದೇ, ಅಜ್ಜಿ ಕಾಲು ಒತ್ತಿದಳು. ಪುಟ್ಟ ಕಾರು ಬುರ್ರ್ ಅನ್ನದೆಯೇ ಹಾರಿತು.

ಸ್ಟೇಡಿಯಮ್ಮಿನಲ್ಲಿ ಎರಡನೇ ಸಲ ಹೆಸರು ಕೂಗುತ್ತಿದ್ದರು. ಮೂವರೂ ಶೂ ಲೇಸ್ ಕಟ್ಟಿಕೊಳ್ಳುತ್ತಲೇ ಓಡಿದರು. ಶಶಿಕಿರಣ್ ಸರ್ ಒಂಬತ್ತು ತಲೆ ಎಣಿಸಿ, ಜೋರಾಗಿ ಉಸಿರು ಬಿಟ್ಟರು.

ಅರಕಲಗೂಡಿನವರು ಗಟ್ಟಿಗರು. ಮೊದಲ ಸರದಿಯಲ್ಲಿ ಅವರೇ ಮುಂದಿದ್ದರು. ಎರಡನೇ ಸರದಿಯಲ್ಲಿ ದೀಪಶ್ರೀ ಕಂಬದ ಹತ್ತಿರ ಇಬ್ಬರನ್ನು ಬೆನ್ನು ಬೆನ್ನಿಗೇ ಹಿಡಿದಳು. ಯಶಸ್ವಿನಿಯ ಸ್ಕೂಲು ಮುಂದೆ ಬಂತು. ಕೊನೆಗೆ ಓಡುವ ಸರದಿ ಇವರದು. ಒಬ್ಬೊಬ್ಬರೇ ಔಟಾಗಿ ಮುನ್ನಡೆ ಒಂದೇ ಪಾಯಿಂಟಿಗೆ ಇಳಿದಾಗ, ಉಳಿದವಳು ಯಶಸ್ವಿನಿ ಒಬ್ಬಳೇ.

ಅವಳು ಸಾಲಾಗಿ ಕೂತವರ ನಡುವೆ ನುಸುಳಿದಳು. ಎಡಕ್ಕೆ ಹೋಗುವವಳ ಹಾಗೆ ಮಾಡಿ ಬಲಕ್ಕೆ ತಿರುಗಿದಳು. ಅವಳು ಟೀಮಿನಲ್ಲೇ ಚಿಕ್ಕವಳು. ಉಳಿದವರು ನುಗ್ಗಲಾಗದ ಸಂದಿಯಲ್ಲಿ ಅವಳು ನುಗ್ಗಿದಳು. ಒಂದು ಕೈ ಅವಳ ಜಡೆಯ ತುದಿಯ ಹತ್ತಿರ ಬಂದು ಗಾಳಿಯನ್ನಷ್ಟೇ ಹಿಡಿಯಿತು. ಆಗ ಆಟ ಮುಗಿದ ಸೀಟಿ ಕೇಳಿತು.

ಆಮೇಲೆ ಏನಾಯಿತೋ ಅವಳಿಗೆ ಸರಿಯಾಗಿ ನೆನಪಿಲ್ಲ. ಎಲ್ಲರೂ ಅವಳನ್ನು ಎತ್ತಿ ಕುಣಿದರು. ಶಶಿಕಿರಣ್ ಸರ್ ಟೋಪಿ ಗಾಳಿಗೆ ಎಸೆದರು. ಅಷ್ಟು ಹೊತ್ತಿಗೆ ವ್ಯಾನೂ ಬಂದು, ಉಳಿದ ಹುಡುಗಿಯರೂ ರೂಪಶ್ರೀ ಮಿಸ್ಸೂ ಇಳಿದು ಕುಣಿತಕ್ಕೆ ಸೇರಿದರು. ವಾಪಸ್ ಹೋಗುವಾಗ ತಾನು ಅಜ್ಜಿಯ ಕಾರಿನಲ್ಲೇ ಬರುವುದು ಎಂದಳು ದೀಪಶ್ರೀ. ಅನುಶ್ರೀ ತನ್ನದೂ ಒಂದು ಸೀಟು ಎಂದಳು. ಯಾರು ಹೋಗಬೇಕು ಎಂಬುದಕ್ಕೆ ಜಗಳವೇ ಶುರುವಾಯಿತು.

ಯಶಸ್ವಿನಿ ಅವರಿಂದ ಬಿಡಿಸಿಕೊಂಡು ಅಜ್ಜಿಯನ್ನು ಹುಡುಕಿಕೊಂಡು ಹೋದಳು.

ಅಜ್ಜಿ ಬೇವಿನ ಮರದ ಕೆಳಗೆ, ಕಾರಿನ ಬಾಗಿಲು ತೆರೆದು ಒಳಗೇ ಕೂತಿದ್ದಳು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ನೋಡುತ್ತಿದ್ದಳು. ಆಗುತ್ತಿರಲಿಲ್ಲ. ಅವಳ ಎರಡೂ ಕೈ ನಡುಗುತ್ತಿದ್ದವು.

"ಯಾಕಜ್ಜಿ, ಹುಷಾರಿಲ್ವಾ?"

"ಏನಿಲ್ಲ ಕಣೇ," ಎಂದು ಅಜ್ಜಿ ನಕ್ಕಳು. "ಆ ಗಲ್ಲೀಲಿ ನಡುಗೋಕೆ ಪುರುಸೊತ್ತಿರ್ಲಿಲ್ಲ. ಈಗ ನಡುಗ್ತಾ ಇದೆ."

ಯಶಸ್ವಿನಿ ಆ ಕೈಗಳನ್ನೇ ನೋಡಿದಳು. ಸುಣ್ಣದ ಗೋಡೆಯ ಪಕ್ಕದಲ್ಲಿ ಅವು ಕಲ್ಲಿನ ಹಾಗೆ ನಿಂತಿದ್ದವು. ಮೂರು ಸಲ ಹೋಗಿ, ಮೂರು ಸಲ ಬಂದಿದ್ದವು. ಅವಳು ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ, ಅಜ್ಜಿಯ ಕೈಗೆ ಕೊಟ್ಟು, ಅದು ಅಲುಗಾಡದ ಹಾಗೆ ಕೆಳಗಿನಿಂದ ತಾನೂ ಹಿಡಿದುಕೊಂಡಳು.

ಅತ್ತ ಕಡೆಯಿಂದ ಇಡೀ ಟೀಮು ಕೂಗುತ್ತಾ ಕಾರಿನ ಕಡೆಗೆ ಓಡಿ ಬರುತ್ತಿತ್ತು. ಯಶಸ್ವಿನಿ ತಿರುಗಿ, ಇನ್ನೊಂದು ಕೈ ಚಾಚಿ ಎಲ್ಲರನ್ನೂ ತಡೆದಳು.

"ಸ್ವಲ್ಪ ನಿಲ್ಲಿ," ಎಂದಳು. "ನಮ್ಮಜ್ಜಿ ನೀರು ಕುಡೀತಾ ಇದಾರೆ."