ಖಾಲಿ ಕಂಡ ಪಾಲು

ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಠಾಣೆಯ ಕಸ ಇನ್ನೂ ಗುಡಿಸಿ ಮುಗಿದಿರಲಿಲ್ಲ. ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಸೀದಾ ಒಳಗೆ ಬಂದು, ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಕಾಗದವೊಂದನ್ನು ಕುಕ್ಕಿದಳು.

"ನನ್ನ ತಮ್ಮನ್ನ ಕೊಂದಿದಾರೆ. ಬರ್ಕೊಳ್ಳಿ ಮೇಡಂ."

"ಯಾರು ಕೊಂದ್ರು?"

"ಅದನ್ನ ಕಂಡುಹಿಡೀಲಿ ಅಂತ ತಾನೇ ನಿಮಗೆ ಈ ಕುರ್ಚಿ ಕೊಟ್ಟಿರೋದು?"

ಹೆಡ್ ಕಾನ್‌ಸ್ಟೆಬಲ್‌ನ ಬಾಯಿ ನಿಲ್ಲುವುದೇ ಇಲ್ಲವೆಂದು ಠಾಣೆಯವರೆಲ್ಲ ಅವನನ್ನು 'ರೇಡಿಯೊ' ಎನ್ನುತ್ತಿದ್ದರು. ಅವನೂ ಗಪ್‌ಚಿಪ್ಪಾದ.

ನಡೆದದ್ದು ಇಷ್ಟು. ತಮ್ಮ ಲೇತ್ ಕೆಲಸಗಾರ, ವಯಸ್ಸು ನಲವತ್ತೊಂದು. ಮಂಗಳವಾರ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದ. ಹತ್ತು ನಲವತ್ತಕ್ಕೆ ಆಂಬುಲೆನ್ಸ್ ಬಂತು. ಅದರಲ್ಲಿ ಡಾಕ್ಟರ್ ಇರುವುದಿಲ್ಲ, ನರ್ಸ್ ಮಾತ್ರ. ಆಸ್ಪತ್ರೆಯಲ್ಲಿ ಕುಳಿತ ಡಾಕ್ಟರ್ ರೋಗಿಯ ಎದೆಬಡಿತದ ಗೆರೆಗಳನ್ನು ಪರದೆಯಲ್ಲಿ ನೋಡುತ್ತ, ಯಾವ ಇಂಜೆಕ್ಷನ್, ಎಷ್ಟು ಎಂದು ಹೇಳಬೇಕು. ಹತ್ತು ನಲವತ್ತೊಂಬತ್ತಕ್ಕೆ ಪರದೆ ಕಪ್ಪಾಯಿತು. ನರ್ಸ್ ಆಂಬುಲೆನ್ಸ್‌ನ ಫೋನ್ ಹಚ್ಚಿದಳು, ಅದೇ ಲೈನಿನದಾದ್ದರಿಂದ ಅದೂ ಸತ್ತಿತ್ತು. ಹತ್ತು ಐವತ್ತೆಂಟಕ್ಕೆ ಡಾಕ್ಟರ್ ಮುಖ ಮತ್ತೆ ಕಂಡಾಗ, ನೋಡಲು ರೋಗಿಯೇ ಇರಲಿಲ್ಲ.

ಮೇಜಿನ ಮೇಲಿನ ಕಾಗದ, ಆಂಬುಲೆನ್ಸ್‌ಗೆ ನೆಟ್‌ವರ್ಕ್ ಕೊಡುವ ಮೊಬೈಲ್ ಕಂಪನಿಯವರು ಹಿಂದಿನ ಸಂಜೆ ಅವಳಿಗೆ ಕೊಟ್ಟ ಉತ್ತರ. 'ದೋಷ ಆಂಬುಲೆನ್ಸ್ ಸಂಸ್ಥೆಯ ಸ್ವಂತ ಪ್ರೋಗ್ರಾಂನದು' ಎಂದಿತ್ತು.

ಅಪರಾಧ ಸಂಖ್ಯೆ 214. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು.

ಹನ್ನೊಂದೂಕಾಲಿಗೆ ಇನ್‌ಸ್ಪೆಕ್ಟರ್ ಮತ್ತು ರೇಡಿಯೊ ಆಂಬುಲೆನ್ಸ್ ಸಂಸ್ಥೆಯ ಕಚೇರಿಯಲ್ಲಿದ್ದರು. ಪ್ರೋಗ್ರಾಂ ಬರೆದ ಹುಡುಗಿ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದಳು. ನಾಳೆಯಿಂದ ಬರಬೇಡ ಎಂದು ಆಗಲೇ ಹೇಳಿಯಾಗಿತ್ತು.

"ನನಗೆ ಅರ್ಥ ಆಗೋ ಹಾಗೆ ಹೇಳಿ," ಎಂದರು ಇನ್‌ಸ್ಪೆಕ್ಟರ್.

"ಮೊಬೈಲ್ ಕಂಪನಿಯವರು ನೆಟ್‌ವರ್ಕ್‌ನ ಪಾಲು ಮಾಡಿ ಕೊಡ್ತಾರೆ ಮೇಡಂ. ಒಬ್ಬರ ಪಾಲಿಗೆ ಇನ್ನೊಬ್ಬರು ಕಾಲಿಡೋ ಹಾಗಿಲ್ಲ. ಪಾಲಿನ ಜೊತೆ ಅವರ ಕಂಪ್ಯೂಟರಲ್ಲಿ ಒಂದಿಷ್ಟು ಜಾಗಾನೂ ಕೊಡ್ತಾರೆ. ಅಲ್ಲಿ ನಾವು ನಮ್ಮದೇ ಪ್ರೋಗ್ರಾಂ ಓಡಿಸ್ಕೋಬಹುದು. ನಮ್ಮ ಪ್ರೋಗ್ರಾಂ ತನ್ನ ಡೈರಿ ತಾನೇ ಬರೆದು ನಮಗೆ ಕಳಿಸ್ತಾ ಇರತ್ತೆ. ನೋಡಿ, ನಿಂತೇ ಇಲ್ಲ ಅದು. 'ಜಾಗ ಇಲ್ಲ, ಜಾಗ ಇಲ್ಲ' ಅಂತ ಒಂಬತ್ತು ನಿಮಿಷ ಬಡ್ಕೊಂಡಿದೆ. ಯಾರೋ ಒಳಗೆ ನುಗ್ಗಿದಾರೆ."

"ನುಗ್ಗೋಕಾಗತ್ತಾ?"

"ಬೀಗ ಇದೆ. ಕೀಲಿ ಕಂಪನಿ ಹತ್ರ."

ಮಧ್ಯಾಹ್ನ ಎರಡೂವರೆ, ಮೊಬೈಲ್ ಕಂಪನಿಯ ಕಂಟ್ರೋಲ್ ರೂಮ್. ಗೋಡೆಯುದ್ದ ಪರದೆ, ಅದರಲ್ಲಿ ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ಪಟ್ಟಿ. ಬಳಸಿದ್ದು ಹಸಿರು, ಬಳಸದ್ದು ಬೂದು. ಮ್ಯಾನೇಜರ್ ಗರಿಗರಿ ಇಸ್ತ್ರಿಯ ಅಂಗಿಯಲ್ಲಿ ನಿಂತಿದ್ದ.

"ನಿನ್ನೆ ಹತ್ತೂಮುಕ್ಕಾಲಿಂದ ಹನ್ನೊಂದರ ತನಕದ ದಾಖಲೆ ಕೊಡಿ."

"ಅಷ್ಟು ಮಾತ್ರ ಸೇವ್ ಆಗಿಲ್ಲ ಮೇಡಂ."

"ಅದಕ್ಕಿಂತ ಮುಂಚಿಂದು?"

"ಇದೆ."

"ಆಮೇಲಿಂದು?"

"ಅದೂ ಇದೆ."

"ಇಲಿ ಗಡಿಯಾರ ನೋಡ್ಕೊಂಡು ತಿಂದಿದೆ ಸರ್!" ಎಂದ ರೇಡಿಯೊ.

ಮ್ಯಾನೇಜರ್ ನಗಲಿಲ್ಲ. ಪಕ್ಕದ ಔಷಧಿ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ, ಪಂಚನಾಮೆ ಬರೆದು, ನಾಲ್ಕು ಗಂಟೆ ಐದು ನಿಮಿಷಕ್ಕೆ ಹಾರ್ಡ್ ಡಿಸ್ಕ್‌ಗಳಿಗೆ ಮೊಹರು ಹಾಕಿದರು. ಅಳಿಸಿದವನು ಕೆಲಸ ಬಲ್ಲವನು, ಅದರಲ್ಲಿ ಏನೂ ಉಳಿದಿರಲಾರದು ಎಂದು ಇನ್‌ಸ್ಪೆಕ್ಟರ್‌ಗೆ ಗೊತ್ತಿತ್ತು. ಜೀಪು ಹತ್ತಿದವರು ಒಮ್ಮೆಲೇ ಕೇಳಿದರು:

"ರೇಡಿಯೊ, ಆ ಹುಡುಗಿ ಪ್ರೋಗ್ರಾಂ ಡೈರಿ ಬರೆಯತ್ತೆ. ನುಗ್ಗಿದ್ದೂ ಯಾರೋ ಗ್ರಾಹಕರದೇ ಪ್ರೋಗ್ರಾಂ ಆಗಿದ್ರೆ? ಅದೂ ಬರೆದಿರತ್ತಲ್ವಾ? ಆ ಡೈರಿ ಗ್ರಾಹಕರ ಹತ್ರ ಇರತ್ತೆ, ಅಳಿಸೋಕೆ ಈ ಮ್ಯಾನೇಜರ್ ಕೈ ಎಟಕಲ್ಲ!"

ಗುರುವಾರ ಬೆಳಿಗ್ಗೆಯಿಂದ ರೇಡಿಯೊ ಕಂಪನಿಯ ಉಳಿದ ಹದಿನಾಲ್ಕು ಗ್ರಾಹಕರಿಗೆ ಫೋನ್ ಮಾಡಲು ಕುಳಿತ. ಒಂಬತ್ತನೆಯದು ಆನ್‌ಲೈನ್ ಆಟ ನಡೆಸುವ ಸಂಸ್ಥೆ. ಅಲ್ಲಿನವನು ಪಾಪ, ಖುಷಿಯಿಂದಲೇ ಹೇಳಿದ: "ಮಂಗಳವಾರ ಬೆಳಿಗ್ಗೆ ನಮ್ಮ ಆಟ ಜುಮ್ ಅಂತ ಓಡ್ತು ಸರ್. ಮ್ಯಾನೇಜರ್ ಸರ್‌ಗೆ ಥ್ಯಾಂಕ್ಸ್ ಕೂಡ ಹೇಳಿದ್ವಿ."

ಆಟದ ಡೈರಿ ಠಾಣೆಗೆ ಬಂತು. ಹತ್ತು ನಲವತ್ತೊಂಬತ್ತಕ್ಕೆ ಆಂಬುಲೆನ್ಸ್ ಪಾಲಿಗೂ ವಿಸ್ತರಣೆ. ಹತ್ತು ಐವತ್ತೆಂಟಕ್ಕೆ ವಾಪಸು. ಎರಡೂ ಕಡೆ ಮ್ಯಾನೇಜರನ ಗುರುತಿನ ಸಂಖ್ಯೆ. ಅದರ ಹಿಂದೆಯೂ ಹನ್ನೊಂದು ಮಂಗಳವಾರ ಅದೇ ಆಟ, ಅದೇ ಹೊತ್ತು.

ಹದಿನಾರನೇ ತಾರೀಖು, ಶುಕ್ರವಾರ, ಸಂಜೆ ನಾಲ್ಕು ಹತ್ತಕ್ಕೆ ಮ್ಯಾನೇಜರನ ಬಂಧನವಾಯಿತು. ಸಾಕ್ಷ್ಯ ನಾಶದ ಕಲಮೂ ಸೇರಿತು.

"ಹನ್ನೊಂದು ಸಲ ಏನೂ ಆಗಿರ್ಲಿಲ್ಲ ಮೇಡಂ. ಆ ಪಾಲು ಯಾವಾಗ್ಲೂ ಖಾಲೀನೇ..."

ಇನ್‌ಸ್ಪೆಕ್ಟರ್ ಮೇಜು ಗುದ್ದಿದ ಏಟಿಗೆ ನೀರಿನ ಲೋಟ ಉರುಳಿತು. "ಖಾಲಿ ಇರೋದೇ ಅದರ ಕೆಲಸ ಕಣಯ್ಯಾ! ಬೆಂಕಿ ಬಿದ್ದಿಲ್ಲ ಅಂತ ಫೈರ್ ಇಂಜಿನ್‌ನಲ್ಲಿ ಸೋಫಾ ಸಾಗಿಸ್ತೀಯಾ? ಮಾಡೋದನ್ನ ಮಾಡಿ ಆ ಹುಡುಗಿ ತಲೆಗೆ ಕಟ್ಟಿದ್ಯಲ್ಲ, ನಾಚಿಕೆ ಆಗಲಿಲ್ವಾ?"

ಅವನು ತಲೆ ತಗ್ಗಿಸಿಯೇ ಬಾಯಿಬಿಟ್ಟ. ಮಂಗಳವಾರ ಹನ್ನೊಂದಕ್ಕೆ ಮೇಲಧಿಕಾರಿಗಳ ಸಭೆ. ಹತ್ತು ಐವತ್ತೈದಕ್ಕೆ ಗೋಡೆಯ ಪರದೆಯ ಚಿತ್ರ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಅವನ ವಿಭಾಗದಲ್ಲಿ ಆಂಬುಲೆನ್ಸ್‌ನ ಬೂದು ಪಟ್ಟಿ ಕಂಡರೆ ಅವರೆಲ್ಲ 'ಬಂದ್ರಪ್ಪಾ ಬೂದಿ ಸಾಹೇಬ್ರು' ಎಂದು ನಗುತ್ತಿದ್ದರಂತೆ. ಎರಡು ವರ್ಷ. ಟೀ ತರುವವನ ಮುಂದೆಯೂ. ಚಿತ್ರ ಹೋಗುವ ಆ ಒಂದು ಗಳಿಗೆ ಹಸಿರು ಕಾಣಲಿ, ಆ ಮಂಗಳವಾರವೂ ಯಾರೂ ನಗದಿರಲಿ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಸಂಜೆ ಆರಕ್ಕೆ ಇನ್‌ಸ್ಪೆಕ್ಟರ್ ಹೊಲಿಗೆ ಅಂಗಡಿಗೆ ತಾವೇ ಹೋಗಿ ಎಲ್ಲವನ್ನೂ ಹೇಳಿದರು. ಅಕ್ಕ ಮಿಷನ್ ನಿಲ್ಲಿಸಿ ಕೇಳಿದಳು.

"ಯಾರೋ ನಗ್ತಾರೆ ಅಂತ ನನ್ನ ತಮ್ಮ ಸತ್ತನಾ?"

ಅವಳು ಸೂಜಿಯ ಕೆಳಗಿದ್ದ ಬಟ್ಟೆಯನ್ನು ಎಳೆದು ಪಕ್ಕಕ್ಕಿಟ್ಟಳು.

"ನಕ್ಕೋರು ಎಷ್ಟು ಜನ?"

"ಆರು."

"ಅವರ ಹೆಸರೂ ಬರ್ಕೊಳ್ಳಿ."

ಅದಕ್ಕೆ ಯಾವ ಕಲಮೂ ಇಲ್ಲವೆಂದು ಇನ್‌ಸ್ಪೆಕ್ಟರ್‌ಗೆ ಗೊತ್ತಿತ್ತು. ಆದರೂ ಜೇಬಿನಿಂದ ಪೆನ್ನು ತೆಗೆದರು.